ತಪಸ್ಸುಕಾಲದಲ್ಲಿ ಮಾಂಸ ಬಿಟ್ಟರೆ ಸಾಕಾ? ಎಸ್ಟೇಟ್ ಕೆಲಸದ ನಡುವೆ ಪಾಸ್ಖಕ್ಕೆ ತಯಾರಾಗುವುದು ಹೇಗೆ?

ನೀವು ಕೇಳಿರುವುದು ಇಷ್ಟು, ಅಲ್ವಾ? ಹುಟ್ಟಿನಿಂದ ಕ್ಯಾಥೋಲಿಕ್, ಆದರೆ ಹಾಸ್ಟೆಲ್ಲು, ಬೆಂಗಳೂರು, ಕೆಲಸ ಅಂತ ಚರ್ಚಿನ ಅಭ್ಯಾಸ ತಪ್ಪಿಹೋಗಿದೆ. ಈಗ ಕೊಡಗಿನ ಸಿದ್ದಾಪುರದ ಕಡೆ ಎಸ್ಟೇಟಿನಲ್ಲಿ ಕೆಲಸಗಾರರ ಲೆಕ್ಕ ನೋಡುವ ರೈಟರ್ ಆಗಿದ್ದೀರಿ. ಈ ಸಲ ತಪಸ್ಸುಕಾಲ, ಅಂದರೆ ಪಾಸ್ಖಕ್ಕೆ (ಈಸ್ಟರ್‌ಗೆ) ಮುಂಚಿನ ಉಪವಾಸದ ಕಾಲ, ಸರಿಯಾಗಿ ಆಚರಿಸಬೇಕು ಅಂತ ಮನಸ್ಸಾಗಿದೆ. 40 ದಿನ ಮಾಂಸ ಬಿಟ್ಟರೆ ಸಾಕಾ, ಇನ್ನೂ ಏನಾದರೂ ಇದೆಯಾ ಅಂತ. ಪಾಸ್ಖದ ರಾತ್ರಿ ಮಡಿಕೇರಿ ಚರ್ಚಿಗೆ ಹೋಗುವುದೋ ವಿರಾಜಪೇಟೆಗೋ ಅಂತಲೂ.

ಸಾಕಾಗುವುದಿಲ್ಲ. ಹಾಗಂತ ನೀವು ಹೆದರಿದಷ್ಟು ದೊಡ್ಡದೂ ಅಲ್ಲ. ನಾನು ವಿರಾಜಪೇಟೆ ಕಡೆಯವಳು, ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ, ಮನೆಯಲ್ಲಿ ಸ್ವಲ್ಪ ಕಾಫಿ, ಮೆಣಸು ಇದೆ. ಹಾಗಾಗಿ ಪುಸ್ತಕದಲ್ಲಿರುವುದು ಮತ್ತು ತೋಟದಲ್ಲಿ ನಡೆಯುವುದು ಎರಡೂ ಗೊತ್ತಿದೆ ಅಂತ ಇಟ್ಟುಕೊಳ್ಳಿ.

ಮೊದಲು ದಿನದ ಲೆಕ್ಕ ಮುಗಿಸಿಬಿಡೋಣ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಿಂದ ಪಾಸ್ಖದ ಹಿಂದಿನ ಶನಿವಾರದ ತನಕ ಎಣಿಸಿದರೆ 46 ದಿನ ಬರುತ್ತದೆ. ಅದರಲ್ಲಿ 6 ಭಾನುವಾರ ಕಳೆದರೆ 40. ಭಾನುವಾರ ಉಪವಾಸದ ದಿನ ಅಲ್ಲ. ಮಾರ್ಚ್ 21 ಅಥವಾ ಅದರ ನಂತರದ ಹುಣ್ಣಿಮೆ ಆದಮೇಲೆ ಬರುವ ಭಾನುವಾರ ಪಾಸ್ಖ, ಅದಕ್ಕೇ ತಾರೀಖು ಪ್ರತಿ ವರ್ಷ ಹಿಂದೆ ಮುಂದೆ ಆಗುತ್ತದೆ. 2026ರಲ್ಲಿ ಬೂದಿ ಬುಧವಾರ ಫೆಬ್ರವರಿ 18, ಪಾಸ್ಖ ಏಪ್ರಿಲ್ 5. 2027ರಲ್ಲಿ ಫೆಬ್ರವರಿ 10 ಮತ್ತು ಮಾರ್ಚ್ 28. ಅಂದರೆ ಕೊಡಗಿನಲ್ಲಿ ತಪಸ್ಸುಕಾಲ ಬರುವುದೇ ರೊಬಸ್ಟಾ ಕೊಯ್ಲು ಮುಗಿಯುತ್ತಾ, ಮೆಣಸು ಕೊಯ್ಲು ಜೋರಾಗಿ, ಕಾಫಿ ಹೂ ಅರಳಿಸುವ ಹೂಮಳೆ ಬಂತಾ ಇಲ್ಲವಾ ಅಂತ ಎಲ್ಲರೂ ಆಕಾಶ ನೋಡುತ್ತಾ ಸ್ಪ್ರಿಂಕ್ಲರ್ ಪೈಪ್ ಎಳೆದಾಡುವ ಹೊತ್ತಿಗೆ. ಪುರುಸೊತ್ತು ಆದಮೇಲೆ ಪ್ರಾರ್ಥನೆ ಮಾಡೋಣ ಅಂದರೆ ಆಗುವ ಕೆಲಸ ಅಲ್ಲ.

ಇನ್ನು ಊಟದ ವಿಷಯ. ಕಡ್ಡಾಯ ಉಪವಾಸ ಇರುವುದು ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. 18 ತುಂಬಿದವರಿಗೆ, 59 ತುಂಬುವ ತನಕ. ಉಪವಾಸ ಅಂದರೆ ಇಡೀ ದಿನ ಹೊಟ್ಟೆ ಖಾಲಿ ಇಟ್ಟುಕೊಳ್ಳುವುದಲ್ಲ. ಒಂದು ಹೊತ್ತು ಪೂರ್ತಿ ಊಟ, ಇನ್ನೆರಡು ಹೊತ್ತು ಸ್ವಲ್ಪ ಸ್ವಲ್ಪ, ಆ ಎರಡೂ ಸೇರಿದರೂ ಒಂದು ಊಟದಷ್ಟು ಆಗಬಾರದು. ಮಾಂಸ ಬಿಡುವುದು 14 ತುಂಬಿದವರಿಗೆಲ್ಲ, ಆ ಎರಡು ದಿನ ಮತ್ತು ತಪಸ್ಸುಕಾಲದ ಎಲ್ಲಾ ಶುಕ್ರವಾರ. ಕಾಯಿಲೆಯವರು, ಬಸುರಿ ಬಾಣಂತಿಯರು ಇದರಲ್ಲಿ ಬರುವುದಿಲ್ಲ. ಮೈಮುರಿದು ದುಡಿಯುವವರನ್ನೂ ಚರ್ಚು ಹಿಂದಿನಿಂದ ಉಪವಾಸದಿಂದ ಬಿಟ್ಟಿದೆ. ನೀವು ರೈಟರ್ ಆದ್ದರಿಂದ ಒಂದು ಮಾತು: ನಿಮ್ಮ ಕೈಕೆಳಗೆ ಮೆಣಸು ಕೊಯ್ಯಲು ಬಿದಿರೇಣಿ ಹತ್ತುವವರು ಖಾಲಿ ಹೊಟ್ಟೆಯಲ್ಲಿ ಬಂದಿದ್ದರೆ ಅವತ್ತು ಅವರಿಗೆ ಕೆಳಗಿನ ಕೆಲಸ ಕೊಡಿ. ನಿಮ್ಮ ತಪಸ್ಸು ಅಲ್ಲಿಂದಲೇ ಶುರುವಾದರೂ ತಪ್ಪಿಲ್ಲ.

ಮೀನು, ಮೊಟ್ಟೆ, ಹಾಲಿಗೆ ಅಡ್ಡಿಯಿಲ್ಲ. ನಮ್ಮ ಜನ ದಾರಿ ಹುಡುಕುವುದೂ ಇಲ್ಲೇ. ಕೊಡಗಿನಲ್ಲಿ ಇದ್ದು ಹಂದಿ ಬಿಡುವುದು ಸಣ್ಣ ಮಾತಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಶುಕ್ರವಾರ ಹಂದಿ ಬಿಟ್ಟು, ಅದಕ್ಕಿಂತ ಜಾಸ್ತಿ ದುಡ್ಡು ಕೊಟ್ಟು ಅಂಜಲ್ ಮೀನು ತಂದು, ಮಸಾಲೆ ಹಚ್ಚಿ ಫ್ರೈ ಮಾಡಿ ತಿಂದರೆ ನಿಯಮ ಮುರಿದ ಹಾಗಾಗುವುದಿಲ್ಲ ಸರಿ, ತಪಸ್ಸು ಎಲ್ಲಿ ಬಂತು? ಹಾಗೆಯೇ 40 ದಿನ ಎಣ್ಣೆ ಬಿಟ್ಟು ಪಾಸ್ಖದ ದಿನ ಬಡ್ಡಿ ಸಮೇತ ಕುಡಿಯುವವರನ್ನೂ ನೋಡಿದ್ದೇನೆ. ಅವರ ಹೆಂಡತಿಯರಿಗೆ ಪಾಸ್ಖ ಅಂದರೆ ಭಯ.

ನನ್ನ ಉತ್ತರದಲ್ಲಿ ಒಂದೇ ಒಂದು ವಿಷಯ ತೆಗೆದುಕೊಳ್ಳುವುದಿದ್ದರೆ ಇದನ್ನ ತೆಗೆದುಕೊಳ್ಳಿ. ಬಾಯಿಗೆ ಬಿಟ್ಟಿದ್ದು ಮನೆಯಲ್ಲೇ ಉಳಿಯಬಾರದು, ಹೊರಗೆ ಹೋಗಬೇಕು. ಇಲ್ಲದಿದ್ದರೆ ಅದು ಬರೀ ಖರ್ಚು ಉಳಿಸಿದ ಹಾಗೆ. ಇದು ನನ್ನ ಸ್ವಂತ ಮಾತಲ್ಲ. ಬೂದಿ ಬುಧವಾರ ಕಳೆದ ಮೊದಲ ಶುಕ್ರವಾರದ ಪೂಜೆಯಲ್ಲಿ (ಮಾಸ್) ಓದುವುದೇ ಬೈಬಲ್ಲಿನ ಯೆಶಾಯನ ಗ್ರಂಥದ 58ನೇ ಅಧ್ಯಾಯ. ಉಪವಾಸ ಮಾಡುತ್ತಲೇ ಕೂಲಿಯಾಳುಗಳನ್ನು ಹಿಂಡುತ್ತೀರಲ್ಲ, ಹಸಿದವನ ಜೊತೆ ನಿಮ್ಮ ರೊಟ್ಟಿ ಹಂಚಿಕೊಳ್ಳುವುದೇ ನನಗೆ ಬೇಕಾದ ಉಪವಾಸ ಅಂತ ದೇವರು ಬೈಯುವ ಭಾಗ ಅದು. ಎಸ್ಟೇಟಿನಲ್ಲಿ ಕೂತು ಓದಿದರೆ ಸ್ವಲ್ಪ ಚುಚ್ಚುತ್ತದೆ, ಚುಚ್ಚಲಿ.

ನಮ್ಮ ಮನೆಯಲ್ಲಿ ಮಾಡುವುದು ಹೀಗೆ. ಅನ್ನಕ್ಕೆ ಅಕ್ಕಿ ಅಳೆದ ಮೇಲೆ ತೊಳೆಯುವ ಮುಂಚೆ ಅದರಿಂದ ಒಂದು ಹಿಡಿ ತೆಗೆದು ಪಕ್ಕದ ಡಬ್ಬಕ್ಕೆ ಹಾಕುತ್ತೇವೆ. ಅಳತೆ ಜಾಸ್ತಿ ಮಾಡಿ ತೆಗೆಯುವಂತಿಲ್ಲ, ನಮ್ಮ ಪಾಲಿನಿಂದಲೇ ತೆಗೆಯಬೇಕು, ಅದೇ ಅದರ ಗುಟ್ಟು. ಸಣ್ಣ ಮಕ್ಕಳಿಗೆ ಈ ಕೆಲಸ ಕೊಟ್ಟರೆ ಅವರು ಮರೆಯುವುದೇ ಇಲ್ಲ, ನಾವು ಮರೆತರೂ ನೆನಪಿಸುತ್ತಾರೆ. ಪವಿತ್ರ ವಾರದಲ್ಲಿ, ಅಂದರೆ ಪಾಸ್ಖದ ಹಿಂದಿನ ವಾರ, ಆ ಅಕ್ಕಿ ಸಿಸ್ಟರ್‌ಗಳು ನಡೆಸುವ ವೃದ್ಧಾಶ್ರಮಕ್ಕೆ ಹೋಗುತ್ತದೆ. ಶುಕ್ರವಾರ ಮಾಂಸದ ದುಡ್ಡು ಬೇರೆ ಕವರ್‌ಗೆ. ಪ್ರತಿ ತಪಸ್ಸುಕಾಲದಲ್ಲಿ ಚರ್ಚಿನ ಸೇವಾಸಂಸ್ಥೆ ಕಾರಿತಾಸ್ ಇಂಡಿಯಾ ಹಸಿವು ಮತ್ತು ರೋಗದ ವಿರುದ್ಧ ಅಂತ ದೇಶದ ಎಲ್ಲಾ ಕಡೆ ಹಣ ಸೇರಿಸುತ್ತದೆ, ಚರ್ಚಿನಲ್ಲಿ ಕವರ್ ಕೊಟ್ಟರೆ ಅದಕ್ಕೇ ಹಾಕಬಹುದು. ಒಬ್ಬರೇ ಇದ್ದೀರಿ, ಮೆಸ್ಸಿನಲ್ಲಿ ಊಟ ಅಂದರೆ, ಕೆಲಸಗಾರರ ಲೈನ್ ಮನೆಯಲ್ಲಿ ಯಾರದಾದರೂ ಮಗುವಿಗೆ ಔಷಧಿಯೋ ಪುಸ್ತಕವೋ ಬೇಕಾಗಿರುತ್ತದೆ, ನಿಮ್ಮ ಕಣ್ಣಿಗೇ ಬೀಳುತ್ತದೆ. ಹೇಳಿಕೊಂಡು ತಿರುಗಬೇಡಿ ಅಷ್ಟೇ. ಬೂದಿ ಬುಧವಾರದ ಶುಭಸಂದೇಶವೂ ಇದನ್ನೇ ಹೇಳುವುದು, ಮತ್ತಾಯನ 6ನೇ ಅಧ್ಯಾಯ: ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಗುಟ್ಟಾಗಿ ಮಾಡಿ, ಮುಖ ತೊಳೆದುಕೊಳ್ಳಿ ಅಂತ. ಅದನ್ನ ಕೇಳಿದ ಕೂಡಲೇ ಸಾಲಿನಲ್ಲಿ ನಿಂತು ಹಣೆಗೆ ಬೂದಿ ಬಳಿಸಿಕೊಂಡು ಪೇಟೆಗೆ ಹೋಗುತ್ತೇವೆ, ಅದು ಬೇರೆ ಮಾತು. ಅಂದ ಹಾಗೆ ಆ ಬೂದಿ ಹೋದ ವರ್ಷದ ಗರಿಗಳ ಭಾನುವಾರದ್ದು, ಪಾಸ್ಖದ ಹಿಂದಿನ ಭಾನುವಾರ ಕೊಟ್ಟ ಗರಿಯದ್ದು. ಶಿಲುಬೆ ಥರ ಮಡಚಿ ದೇವರ ಫೋಟೋ ಹಿಂದೆ ಸಿಕ್ಕಿಸಿಟ್ಟ ತೆಂಗಿನ ಗರಿ ನಿಮ್ಮ ಮನೆಯಲ್ಲೂ ಇದ್ದರೆ ಬೂದಿ ಬುಧವಾರದ ಹಿಂದಿನ ಭಾನುವಾರ ಚರ್ಚಿಗೆ ತೆಗೆದುಕೊಂಡು ಹೋಗಿ, ಸುಟ್ಟು ಜರಡಿ ಹಿಡಿದು ಬೂದಿ ಮಾಡುತ್ತಾರೆ.

ಪ್ರಾರ್ಥನೆಗೆ ಬರೋಣ. ಹೊಸದಾಗಿ ಶುರು ಮಾಡುವವರು ಜಪಸರ, ಬೈಬಲ್, ಒಂಬತ್ತು ದಿನದ ನೊವೆನಾ ಎಲ್ಲಾ ಒಟ್ಟಿಗೆ ಹಚ್ಚಿಕೊಂಡು ಎರಡನೇ ವಾರಕ್ಕೇ ಸುಸ್ತಾಗುತ್ತಾರೆ. ಬೇಡ. ಶುಕ್ರವಾರದ ಶಿಲುಬೆ ಹಾದಿ ಒಂದನ್ನ ಹಿಡಿದುಕೊಳ್ಳಿ. ಯೇಸುಸ್ವಾಮಿಗೆ ಮರಣದಂಡನೆ ಆದಲ್ಲಿಂದ ಸಮಾಧಿ ತನಕ 14 ಸ್ಥಳ, ಪ್ರತಿ ಸ್ಥಳದಲ್ಲಿ ಮೊಣಕಾಲೂರಿ ಒಂದು ಸಣ್ಣ ಪ್ರಾರ್ಥನೆ, ಒಂದು ಧ್ಯಾನ, ಮುಂದಿನ ಸ್ಥಳಕ್ಕೆ ಹಾಡಿಕೊಂಡು ಹೋಗುವುದು. ಚರ್ಚಿನ ಎರಡೂ ಗೋಡೆಯ ಮೇಲೆ ಚಿತ್ರ ಇರುತ್ತದೆ ನೋಡಿ, ಅದೇ. ವೆರೋನಿಕಾ ಮುಖ ಒರೆಸುವುದು, ಮೂರು ಸಲ ಬೀಳುವುದು ಬೈಬಲ್ಲಿನಲ್ಲಿ ಇಲ್ಲ, ಭಕ್ತರ ಸಂಪ್ರದಾಯದಿಂದ ಬಂದಿದ್ದು. 1991ರಲ್ಲಿ ಪೋಪ್ ಎರಡನೇ ಜಾನ್ ಪೌಲರು ಬರೀ ಬೈಬಲ್ ಘಟನೆಗಳನ್ನೇ ಇಟ್ಟುಕೊಂಡು ಬೇರೊಂದು ಶಿಲುಬೆ ಹಾದಿ ನಡೆಸಿದರು, ಅದೂ ಚೆನ್ನಾಗಿದೆ. ಆದರೆ ನಮ್ಮ ಕಡೆ ಹಳೆಯದೇ ನಡೆಯುವುದು.

ನನಗೆ ಪ್ರತಿ ಸಲ ಕಾಲು ನಿಲ್ಲುವುದು ಐದನೇ ಸ್ಥಳದಲ್ಲಿ. ಸಿರೇನ್ಯದ ಸಿಮೋನ. ಮಾರ್ಕ ಬರೆದದ್ದು ನೋಡಿದರೆ ಅವನು ಹೊಲದ ಕಡೆಯಿಂದ ಊರಿಗೆ ಬರುತ್ತಿದ್ದ, ಸುಮ್ನೆ ಹಾದುಹೋಗುತ್ತಿದ್ದವನು. ಸೈನಿಕರು ಹಿಡಿದು ಶಿಲುಬೆ ಹೊರಿಸಿದರು. ಭಕ್ತಿಯಿಂದ ಹೊತ್ತವನಲ್ಲ, ಬಲವಂತಕ್ಕೆ ಹೊತ್ತವನು. ಆದರೂ ಮಾರ್ಕ ಅವನ ಮಕ್ಕಳ ಹೆಸರನ್ನೂ ಬರೆದಿದ್ದಾನೆ, ಅಲೆಕ್ಸಾಂಡರ್ ಮತ್ತು ರೂಫ. ಅಂದರೆ ಓದುವವರಿಗೆ ಆ ಮಕ್ಕಳ ಪರಿಚಯ ಇತ್ತು, ಆ ಮನೆ ಮುಂದೆ ಕ್ರೈಸ್ತರ ನಡುವೆಯೇ ಇತ್ತು ಅಂತ ಅರ್ಥ ಮಾಡುವವರಿದ್ದಾರೆ. ಇಡೀ ದಿನ ಕೆಲಸ ಮುಗಿಸಿ, ಕೈಯಲ್ಲಿ ಮೆಣಸಿನ ಕಪ್ಪು ಹಾಗೇ ಇದ್ದು, ಫಾದರ್ ಬಯ್ಯುತ್ತಾರೆ ಅಂತಲೋ ಅಮ್ಮ ಎಳೆದುಕೊಂಡು ಬಂದರು ಅಂತಲೋ ಸಂಜೆ ಚರ್ಚಿನಲ್ಲಿ ಬಂದು ನಿಂತವರಿಗೆ ಇವನಿಗಿಂತ ಹತ್ತಿರದ ನೆಂಟ ಇಲ್ಲ. ಮನಸ್ಸಿಲ್ಲದಿದ್ದರೂ ಬನ್ನಿ ಅಂತ ನಾನು ಹೇಳುವುದು ಅದಕ್ಕೇ.

ಸಂಜೆ ಚರ್ಚಿಗೆ ಬರಲು ಬಸ್ಸಿಲ್ಲ, ಆನೆ ಕಾಟ ಅಂದರೆ ರಿಸ್ಕ್ ತೆಗೆದುಕೊಳ್ಳಬೇಡಿ. ಸಿದ್ದಾಪುರದ ಕಡೆ ಕತ್ತಲಾದ ಮೇಲೆ ತೋಟದ ರಸ್ತೆಯಲ್ಲಿ ಓಡಾಡುವುದು ಭಕ್ತಿ ಅಲ್ಲ. ಲೈನಿನಲ್ಲಿರುವ ಮೂರು ನಾಲ್ಕು ಮನೆಯವರು ಸೇರಿ ಒಂದು ಪುಸ್ತಕ ಇಟ್ಟುಕೊಂಡು ಅಂಗಳದಲ್ಲೇ ಮಾಡಬಹುದು, ಫಾದರ್ ಇರಲೇಬೇಕು ಅಂತಿಲ್ಲ.

ನಿಮ್ಮ ಅಕ್ಕಪಕ್ಕ ಮಲಯಾಳಿ ಸಿರೋ ಮಲಬಾರ್ (ಕ್ಯಾಥೋಲಿಕರೇ, ಆಚರಣೆ ಬೇರೆ) ಮನೆಗಳಿದ್ದರೆ ಒಂದು ಗೊಂದಲ ಆಗಬಹುದು. ಅವರಿಗೆ ತಪಸ್ಸುಕಾಲ ನಮಗಿಂತ ಎರಡು ದಿನ ಮುಂಚೆ, ಸೋಮವಾರವೇ ಶುರು, ಅದನ್ನ 50 ದಿನದ ನೋಂಬು (ಉಪವಾಸ) ಅನ್ನುತ್ತಾರೆ, ಸಂಪ್ರದಾಯಸ್ಥರು ಅಷ್ಟೂ ದಿನ ಮಾಂಸ ಮುಟ್ಟುವುದಿಲ್ಲ. ಪವಿತ್ರ ಗುರುವಾರ ರಾತ್ರಿ ಮನೆಯಲ್ಲಿ ಹುಳಿ ಬರಿಸದ ಹಿಟ್ಟಿನ ಪೆಸಹಾ ಅಪ್ಪಂ ಮಾಡಿ ಮೇಲೆ ಗರಿಯ ಶಿಲುಬೆ ಇಟ್ಟು, ಮನೆಯ ಹಿರಿಯರು ಮುರಿದು, ಬೆಲ್ಲ ಹಾಕಿದ ತೆಂಗಿನಹಾಲಿನ ಜೊತೆ ಕೊಡುತ್ತಾರೆ. ಕರೆದರೆ ಹೋಗಿ.

ಪಾಪನಿವೇದನೆಯನ್ನ (ಕನ್ಫೆಷನ್) ಪವಿತ್ರ ವಾರದ ತನಕ ತಳ್ಳಬೇಡಿ. ಆಗ ಸಾಲು ಗೇಟಿನ ತನಕ ಇರುತ್ತದೆ, ಫಾದರ್‌ಗೂ ಪುರುಸೊತ್ತಿಲ್ಲ, ನಿಮಗೂ ಹಿಂದೆ ನಿಂತವರ ಅವಸರ. ವರ್ಷಗಟ್ಟಲೆ ಆಗಿದೆ ಅನ್ನುವವರು ಮೂರನೇ ನಾಲ್ಕನೇ ವಾರ, ವಾರದ ದಿನದ ಪೂಜೆಗೆ ಮುಂಚೆ ಹೋಗಿ. ಪ್ರಾರ್ಥನೆ ಮರೆತುಹೋಗಿದೆ ಅಂತ ಮೊದಲೇ ಹೇಳಿಬಿಡಿ, ಅವರೇ ಹೇಳಿಕೊಡುತ್ತಾರೆ. ಯಾರೂ ನಗುವುದಿಲ್ಲ.

ಇನ್ನು ಕೊನೆಯ ಮೂರು ದಿನ. ಮೆಣಸಿನ ಲೆಕ್ಕ, ಬಟವಾಡೆ ಎಲ್ಲಾ ಮೊದಲೇ ಮುಗಿಸಿ ರಜೆ ಕೇಳಿಟ್ಟುಕೊಳ್ಳಿ. ಗುರುವಾರ ಸಂಜೆ ಪ್ರಭುಭೋಜನದ ಪೂಜೆ, 12 ಜನರ ಪಾದ ತೊಳೆಯುತ್ತಾರೆ. 2016ರಿಂದ ಹೆಂಗಸರನ್ನೂ ಕೂರಿಸಬಹುದು ಅಂತ ರೋಮಿನಿಂದಲೇ ಆದೇಶ ಆಗಿದೆ, ಒಂದು ವರ್ಷ ನಮ್ಮಲ್ಲಿ ಕಾಫಿ ಕೊಯ್ಯುವ ಅಜ್ಜಿಯೊಬ್ಬರು ಕೂತಿದ್ದರು, ನಾಚಿಕೆಯಿಂದ ಹಿಂದಿನ ದಿನವೇ ಹಿಮ್ಮಡಿಯ ಬಿರುಕು ಕಲ್ಲಿಗೆ ತಿಕ್ಕಿ ತಿಕ್ಕಿ ಬಂದಿದ್ದರು. ಪೂಜೆ ಆದಮೇಲೆ ಪೀಠದ ಬಟ್ಟೆ ಸಮೇತ ಎಲ್ಲಾ ತೆಗೆದುಬಿಡುತ್ತಾರೆ. ಶುಕ್ರವಾರ ಪೂಜೆ ಇಲ್ಲವೇ ಇಲ್ಲ. ಮಧ್ಯಾಹ್ನ 3ರ ಹೊತ್ತಿಗೆ ಯೊವಾನ್ನನ ಶುಭಸಂದೇಶದ ಯಾತನೆಯ ಭಾಗ ಓದುತ್ತಾರೆ, ಶಿಲುಬೆಗೆ ಮುತ್ತಿಡುತ್ತೇವೆ, ಹಿಂದಿನ ದಿನದ ಪೂಜೆಯ ಪರಮಪ್ರಸಾದದ ರೊಟ್ಟಿ ಕೊಡುತ್ತಾರೆ. ಆಮೇಲೆ ಗಂಜಿ, ಹೆಸರುಕಾಳು ಪಲ್ಯ, ಉಪ್ಪಿನಕಾಯಿ. ಅವತ್ತಿನ ಹಸಿವಿಗೆ ಆ ಗಂಜಿಯ ರುಚಿಯೇ ಬೇರೆ.

ಶುಭ ಶುಕ್ರವಾರ ಕಾಲಿಡಲು ಜಾಗ ಇರುವುದಿಲ್ಲ, ಶನಿವಾರ ರಾತ್ರಿಯ ಪಾಸ್ಖ ಜಾಗರಣೆಗೆ ಮಾತ್ರ ಅರ್ಧ ಬೆಂಚು ಖಾಲಿ. ಇದು ನನಗೆ ಅರ್ಥವೇ ಆಗುವುದಿಲ್ಲ. ಇಡೀ ವರ್ಷದ ದೊಡ್ಡ ಪೂಜೆ ಅದು. ದೀಪ ಎಲ್ಲಾ ಆರಿಸಿ, ಅಂಗಳದಲ್ಲಿ ಹೊಸ ಬೆಂಕಿ ಹಚ್ಚಿ, ಪಾಸ್ಖ ಮೇಣದಬತ್ತಿಯ ಮೇಲೆ ಆ ವರ್ಷದ ಅಂಕೆ ಕೊರೆದು, ಐದು ಗಾಯಗಳಿಗೆ ಐದು ಧೂಪದ ಕಾಳು ಚುಚ್ಚಿ ಒಳಗೆ ತರುತ್ತಾರೆ. ಅದರಿಂದ ಒಬ್ಬರಿಂದ ಒಬ್ಬರಿಗೆ ಬೆಂಕಿ ದಾಟುತ್ತದೆ. ಗಾಳಿಗೆ ಆರುತ್ತದೆ, ಪೇಪರ್ ಲೋಟದ ತಳಕ್ಕೆ ತೂತು ಮಾಡಿ ಮೇಣದಬತ್ತಿಗೆ ಸಿಕ್ಕಿಸಿಕೊಳ್ಳಿ, ಕೈ ಮೇಲೆ ಮೇಣವೂ ಬೀಳುವುದಿಲ್ಲ. ಮಳೆ ಬಂದು ಕರೆಂಟ್ ಹೋದರೆ ಅವತ್ತೊಂದು ದಿನ ಯಾರೂ ಕೆಇಬಿಯವರನ್ನ ಬಯ್ಯುವುದಿಲ್ಲ. ಸೃಷ್ಟಿಯ ಕಥೆಯಿಂದ ಹಿಡಿದು ಹಳೆ ಒಡಂಬಡಿಕೆಯ ವಾಚನ ಏಳು ಇವೆ, ಕೆಲವು ಕಡೆ ಕಡಿಮೆ ಮಾಡುತ್ತಾರೆ. ತಪಸ್ಸುಕಾಲದ ಅಷ್ಟೂ ವಾರ ಬಾಯಿಗೆ ಬಾರದಿದ್ದ ಅಲ್ಲೆಲೂಯ ಅನ್ನುವ ಸ್ತುತಿ ಅವತ್ತು ವಾಪಸ್ ಬರುತ್ತದೆ. ನೀರು ಆಶೀರ್ವದಿಸಿ ಎಲ್ಲರೂ ದೀಕ್ಷಾಸ್ನಾನದಲ್ಲಿ (ಬ್ಯಾಪ್ಟಿಸಂ) ಕೊಟ್ಟ ಮಾತನ್ನ ಮತ್ತೆ ಕೊಡುತ್ತೇವೆ. ಚರ್ಚು ಬಿಟ್ಟು ತಿರುಗಿ ಬರುತ್ತಿರುವ ನಿಮ್ಮಂಥವರಿಗೆ ಅದಕ್ಕಿಂತ ಸರಿಯಾದ ಜಾಗ ಇಲ್ಲ ಅಂತ ನನ್ನ ಲೆಕ್ಕ. ಮಡಿಕೇರಿಯೋ ವಿರಾಜಪೇಟೆಯೋ ಅಂತ ಕೇಳಿದ್ದಿರಿ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚು 1792ರದ್ದು, ಟಿಪ್ಪು ಕಾಲದಲ್ಲಿ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ಯಾಥೋಲಿಕರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಜಾಗ ಕೊಟ್ಟಿದ್ದು, ನೋಡಲೇಬೇಕಾದ ಚರ್ಚು. ಆದರೆ ಆ ರಾತ್ರಿಗೆ ನಿಮ್ಮ ಹತ್ತಿರದ ಧರ್ಮಕೇಂದ್ರಕ್ಕೇ ಹೋಗಿ, ಮುಂದಿನ ವಾರವೂ ಆ ಮುಖಗಳೇ ಸಿಗುತ್ತವೆ. ಗಂಟೆ ಎಷ್ಟಕ್ಕೆ ಅಂತ ಗರಿಗಳ ಭಾನುವಾರವೇ ಕೇಳಿಕೊಂಡು ಬನ್ನಿ.

ಇನ್ನೊಂದು, ಇದನ್ನ ಯಾರೂ ಹೇಳುವುದಿಲ್ಲ. ಪಾಸ್ಖ ಒಂದು ದಿನದ ಹಬ್ಬ ಅಲ್ಲ, ಪವಿತ್ರಾತ್ಮ ಇಳಿದುಬಂದ ಪೆಂತಕೋಸ್ತ್ ಹಬ್ಬದ ತನಕ 50 ದಿನ. ಮೊದಲ ಎಂಟು ದಿನವಂತೂ ಪ್ರತಿ ದಿನವೂ ಮಹಾಹಬ್ಬದ ಲೆಕ್ಕ, ಆದ್ದರಿಂದ ವರ್ಷವಿಡೀ ಶುಕ್ರವಾರ ಮಾಂಸ ಬಿಡುವ ಅಭ್ಯಾಸ ಇದ್ದರೂ ಆ ವಾರದ ಶುಕ್ರವಾರ ಯಾರಾದರೂ ಹಂದಿ ಊಟಕ್ಕೆ ಕರೆದರೆ ಧೈರ್ಯವಾಗಿ ಹೋಗಬಹುದು.