ಎದುರು ಕೂರಿಸಬೇಡಿ, ಜೊತೆಯಲ್ಲಿ ನಡೆಸಿ

ಆರು ತಿಂಗಳಿಂದ ಜೊತೆಗಿರುವ ಹುಡುಗನನ್ನು ಕಾಲೇಜಿನ ಗೆಳತಿಯರಿಗೆ ಪರಿಚಯಿಸಲು ಬೆಂಗಳೂರಿನಲ್ಲಿ ಒಂದು ಭಾನುವಾರ ಎಲ್ಲಿಗೆ ಹೋಗಬೇಕು, ಅವನಿಗೆ ಮೊದಲೇ ಏನೇನು ಹೇಳಿಕೊಟ್ಟಿರಬೇಕು, ಅವರಿಗೆ ಅವನು ಹಿಡಿಸದೇ ಹೋದರೆ ಏನು ಗತಿ ಎಂದು ಕೇಳಿದ್ದೀರಿ. ಎರಡು ವರ್ಷದ ಹಿಂದೆ ನಾನೂ ಇದೇ ಸಂಕಟ ಪಟ್ಟಿದ್ದೇನೆ. ನನ್ನ ಕಡೆ ಮೂವರು: ಒಬ್ಬಳು ವಕೀಲೆ, ಒಬ್ಬಳು ಬ್ಯಾಂಕಿನಲ್ಲಿದ್ದಾಳೆ, ಇನ್ನೊಬ್ಬಳು ಡಾಕ್ಟರು. ನನ್ನ ಹುಡುಗ ಧಾರವಾಡದವನು, ಇಲ್ಲಿನ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಾನೆ.

ಹೋಟೆಲಿನಲ್ಲಿ ಮೇಜು ಕಾದಿರಿಸಿ ಎಲ್ಲರನ್ನೂ ಎದುರುಬದುರು ಕೂರಿಸಬೇಡಿ. ಉಪ್ಪಿಟ್ಟು, ಕೇಸರಿಬಾತು ತಿನ್ನುತ್ತಾ ಹುಡುಗಿ ನೋಡುವ ಶಾಸ್ತ್ರವನ್ನು ನಾವೆಲ್ಲ ಎಷ್ಟು ಆಡಿಕೊಂಡು ನಕ್ಕಿದ್ದೇವೆ! ನಾಲ್ವರು ಒಂದೇ ಕಡೆ ಕುಳಿತು ಒಬ್ಬನ ಮುಖ ನೋಡಿದರೆ ಅದೂ ಅದೇ ಶಾಸ್ತ್ರ. ಉಪ್ಪಿಟ್ಟಿನ ಜಾಗಕ್ಕೆ ಪಾಸ್ತಾ ಬಂದಿರುತ್ತದೆ, ಅಷ್ಟೇ.

ಆದ್ದರಿಂದ ನಾವು ಬೆಳಿಗ್ಗೆ ಏಳಕ್ಕೆ ಲಾಲ್‌ಬಾಗ್‌ನಲ್ಲಿ ಸೇರಿದೆವು. ನಡೆಯುವಾಗ ಮಾತು ನಿಂತರೆ ಅದು ಮೌನ ಎನ್ನಿಸುವುದಿಲ್ಲ, ಮರ ನೋಡುತ್ತಿದ್ದಾರೆ ಎನ್ನಿಸುತ್ತದೆ. ದಾರಿ ಅಗಲವಾದಾಗ ಐವರೂ ಒಂದು ಸಾಲು, ಕಿರಿದಾದಾಗ ಇಬ್ಬಿಬ್ಬರು. ಯಾರ ಪಕ್ಕ ಯಾರು ಎಂಬುದನ್ನು ಯಾರೂ ಏರ್ಪಡಿಸಬೇಕಾಗಿಲ್ಲ.

ಇಷ್ಟಾದರೂ ಮೊದಲ ಒಂದು ಗಂಟೆ ಹಾಳಾಯಿತು, ಅದಕ್ಕೆ ಕಾರಣ ನಾನೇ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಹಿಂದಿನ ರಾತ್ರಿ ಫೋನಿನಲ್ಲಿ ಕುಳಿತು ಅವನಿಗೆ ಪಾಠ ಮಾಡಿದ್ದೆ. ಬ್ಯಾಂಕಿನವಳ ಹತ್ತಿರ ಮದುವೆಯ ವಿಷಯ ಎತ್ತಬೇಡ, ವಕೀಲೆಯ ಜೊತೆ ವಾದಕ್ಕೆ ಇಳಿಯಬೇಡ, ಡಾಕ್ಟರಳಿಗೆ ನಿನ್ನ ಬೆನ್ನುನೋವು ಹೇಳಬೇಡ. ಪಾಪ, ಅವನು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಬಾಯಿ ತೆರೆದರೆ ಯಾವ ನಿಷೇಧ ಮುರಿಯುತ್ತದೋ ಎಂಬ ಹೆದರಿಕೆಯಲ್ಲಿ "ಹೌದ್ರೀ", "ಇಲ್ಲ್ರೀ" ಬಿಟ್ಟು ಬೇರೆ ಮಾತೇ ಇಲ್ಲ. ಆ "ರೀ" ಕೇಳಿದಾಗಲೆಲ್ಲ ಡಾಕ್ಟರಳಿಗೆ ನಗು. ನಮ್ಮ ಕಡೆ ಹೆಂಡತಿ ಗಂಡನನ್ನು ಕರೆಯುವ "ರೀ" ಅದು. ಅವರ ಕಡೆ ಕಂಡಕ್ಟರಿನಿಂದ ಕುಲಪತಿಯವರೆಗೆ ಎಲ್ಲರಿಗೂ ಸಲ್ಲುವ ಮರ್ಯಾದೆ. ನನಗೆ ಸಿಟ್ಟು ಬರುತ್ತಿತ್ತು. ಅವಳ ಮೇಲೋ ಅವನ ಮೇಲೋ ಗೊತ್ತಾಗುತ್ತಿರಲಿಲ್ಲ.

ಆಮೇಲೆ ಬಂಡೆ ಹತ್ತಿದೆವು. ಕೆಂಪೇಗೌಡ ಗೋಪುರ ನಿಂತಿರುವ ಆ ಬೋಳು ಕಲ್ಲುಬಂಡೆಯ ಮೇಲೆ ನಾವು ಮೂವತ್ತು ಸಲವಾದರೂ ಕುಳಿತು ಹರಟೆ ಹೊಡೆದಿದ್ದೇವೆ. ಅದಕ್ಕೂ ಒಂದು ಕಥೆ ಇದೆ ಎಂದು ಯಾರೂ ಯೋಚಿಸಿರಲಿಲ್ಲ. ಅವನು ಕುಕ್ಕರುಗಾಲಲ್ಲಿ ಕುಳಿತು ಕಲ್ಲಿನ ಮೇಲಿನ ಕಪ್ಪು ಬಿಳುಪು ಪಟ್ಟೆಗಳ ಮೇಲೆ ಬೆರಳಾಡಿಸಿದ. ಇದು ಸುಮಾರು 300 ಕೋಟಿ ವರ್ಷದ ಕಲ್ಲು, ಹೆಸರು ಪೆನಿನ್ಸುಲಾರ್ ನೈಸ್, ಆ ಹೆಸರು ಕೊಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಎಂಬವರು, 1916ರಲ್ಲಿ ಎಂದ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಬರೆದ ಫಲಕವನ್ನೂ ತೋರಿಸಿದ. ಅದರ ಮುಂದೆ ನಾವು ಎಷ್ಟೋ ಫೋಟೊ ತೆಗೆಸಿಕೊಂಡಿದ್ದೆವು, ಒಮ್ಮೆಯೂ ಓದಿರಲಿಲ್ಲ. ಒಳಗಿನ ಶಾಖಕ್ಕೂ ಒತ್ತಡಕ್ಕೂ ಕಲ್ಲು ಹಿಟ್ಟಿನ ಹಾಗೆ ಮಡಿಚಿಕೊಂಡದ್ದನ್ನು ಕೈಯಲ್ಲಿ ನಾದಿ ತೋರಿಸುವಾಗ "ರೀ" ಎಲ್ಲಿ ಬಂತು, ಎಲ್ಲಿ ಬರಲಿಲ್ಲ ಎಂದು ಯಾರೂ ಎಣಿಸಲಿಲ್ಲ. ವಕೀಲೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದಳು. ಅವನು ವಾದಕ್ಕೇ ಇಳಿದ. ನನ್ನ ಪಾಠ ಅಲ್ಲಿಗೆ ಮುಗಿಯಿತು.

ನಿಮ್ಮ ಹುಡುಗ ಅಡುಗೆ ಬಲ್ಲವನಾದರೆ ಮಾರುಕಟ್ಟೆಗೆ ಕರೆದೊಯ್ಯಿರಿ, ಕ್ರಿಕೆಟ್ ಆಡುವವನಾದರೆ ಮೈದಾನಕ್ಕೆ. ಊರು ನಿಮ್ಮದು, ಗೆಳತಿಯರು ನಿಮ್ಮವರು, ನೆನಪುಗಳೂ ನಿಮ್ಮವೇ. ಅವನಿಗೆಂದು ಅರ್ಧ ಗಂಟೆಯಷ್ಟಾದರೂ ಜಾಗ ಬೇಡವೇ?

ಅಲ್ಲಿಂದ ಪಶ್ಚಿಮದ ಗೇಟಿನಿಂದ ಹೊರಬಿದ್ದು ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ನಡೆದೆವು. 1943ರಿಂದ ಇರುವ ಹೋಟೆಲು. ಭಾನುವಾರ ಹೆಸರು ಬರೆಸಿ ಬೀದಿಯಲ್ಲಿ ಕಾಯಬೇಕು. (ನೀವು ದಿನ ಬದಲಿಸುವುದಾದರೆ ಶುಕ್ರವಾರ ಮಾತ್ರ ಇಟ್ಟುಕೊಳ್ಳಬೇಡಿ, ಅಂದು ಅದಕ್ಕೆ ರಜೆ.) ಕಾಯುವಾಗ ಡಾಕ್ಟರಳು ಎಂದಿನ ಅಜಾಗರೂಕತೆಯಲ್ಲಿ, "ಹೋದ ಸಲ ಬಂದಾಗಲೂ ನಾವು ಐದೇ ಜನ, ಅಲ್ಲವೇನೇ?" ಎಂದುಬಿಟ್ಟಳು. ಹೋದ ಸಲದ ಐದನೆಯವನು ಯಾರೆಂದು ನಮ್ಮೆಲ್ಲರಿಗೂ ಗೊತ್ತಿತ್ತು. ಇವನಿಗೂ ಗೊತ್ತಿತ್ತು, ಏಕೆಂದರೆ ನಾನೇ ಹೇಳಿದ್ದೆ. ಬ್ಯಾಂಕಿನವಳು ಮೊಬೈಲಿನೊಳಗೆ ಮುಖ ಹುದುಗಿಸಿದಳು. ಇವನು ಒಂದು ಕ್ಷಣ ಬಿಟ್ಟು, "ಆಗ ಬಿಲ್ಲು ಯಾರು ಕೊಟ್ಟರು?" ಎಂದು ಕೇಳಿದ. ಕೊಟ್ಟವಳು ನಾನು. ಬೀದಿಯಲ್ಲಿ ನಿಂತೇ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಳೆಯ ಹೆಸರನ್ನು ಮೊದಲೇ ತಿಳಿಸಿಡುವುದು ಎಂಥ ಉಪಕಾರ ನೋಡಿ. ಅವನಿಗೆ ನಾನು ಹೇಳಿಕೊಟ್ಟದ್ದರಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ.

ಒಳಗೆ ಹೋದರೆ ಐವರಿಗೆ ಒಂದೇ ಮೇಜು ಸಿಗಲಿಲ್ಲ. ಅಲ್ಲಿ ಖಾಲಿ ಕುರ್ಚಿ ಎಲ್ಲಿದೆಯೋ ಅಲ್ಲಿ, ಅಪರಿಚಿತರ ಪಕ್ಕದಲ್ಲೇ ಕೂರಬೇಕು. ಅವನೂ ವಕೀಲೆಯೂ ಇಬ್ಬರು ಹಿರಿಯರಿದ್ದ ದೂರದ ಮೇಜಿಗೆ, ನಾವು ಮೂವರು ಇತ್ತ ಕಡೆ. ಅವಳು ಪಾಟೀಸವಾಲು ಮಾಡುತ್ತಿದ್ದಾಳೆ ಎಂದು ನನಗೆ ದೋಸೆ ಗಂಟಲಿನಲ್ಲಿ ಇಳಿಯದು. ಮಾಣಿಯ ತೋಳಿನ ಮೇಲೆ ಪೇರಿಸಿದ ತಟ್ಟೆಗಳ ಸಂದಿಯಿಂದ ಇಣುಕಿ ನೋಡಿದೆ. ಅವರು ನಾಲ್ವರೂ, ಆ ಇಬ್ಬರು ಹಿರಿಯರೂ ಸೇರಿ, ಸಾಂಬಾರು ಕೊಡದೆ ಬರೀ ಚಟ್ನಿ ಬಡಿಸುವುದು ಸರಿಯೋ ತಪ್ಪೋ ಎಂದು ಬಿರುಸಿನ ಚರ್ಚೆಯಲ್ಲಿದ್ದರು. ನನ್ನ ನೆನಪೇ ಯಾರಿಗೂ ಇರಲಿಲ್ಲ. ಸ್ವಲ್ಪ ಬೇಸರವೂ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ. ನಾನು ಪಕ್ಕದಲ್ಲಿದ್ದಿದ್ದರೆ ಅವನ ಪ್ರತಿ ವಾಕ್ಯಕ್ಕೂ ಟಿಪ್ಪಣಿ ಸೇರಿಸುತ್ತಿದ್ದೆ. ನೀವೂ ಎಲ್ಲೋ ಒಂದು ಕಡೆ ಇಪ್ಪತ್ತು ನಿಮಿಷ ನಾಪತ್ತೆಯಾಗಿ.

ಮಧ್ಯಾಹ್ನದ ಬಗ್ಗೆ ಹೇಳಲು ಹೆಚ್ಚಿಲ್ಲ. ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಹಸಿರು ಮೆಟ್ರೊ, ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಿ ಎಂ.ಜಿ. ರಸ್ತೆ, ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದ ಅಂಗಡಿಗಳು, ಕಾಫಿ. ಕಾಫಿಯ ಹೊತ್ತಿಗೆ ಎಲ್ಲರೂ ದಣಿದಿದ್ದರು. ಮೂರು ಗಂಟೆಗೇ ಮುಗಿಸಬೇಕಿತ್ತು, ಆರರವರೆಗೆ ಎಳೆದೆ. ಅದೊಂದು ತಪ್ಪು ನೀವು ಮಾಡಬೇಡಿ. ಅವನ ತಾಯಿ ಊರಿನಿಂದ ಸ್ಟೀಲಿನ ಡಬ್ಬಿಯಲ್ಲಿ ಕಳಿಸಿದ್ದ ಶೇಂಗಾ ಹೋಳಿಗೆಯನ್ನು ಮೆಟ್ರೊ ಮೆಟ್ಟಿಲಿನ ಹತ್ತಿರ ಹಂಚಿ, ಉಳಿದದ್ದನ್ನು ಡಬ್ಬಿಯ ಸಮೇತ ಬ್ಯಾಂಕಿನವಳ ಚೀಲಕ್ಕೆ ಹಾಕಿದೆವು. ಡಾಕ್ಟರಳು ಹೊರಡುವಾಗ ಅವನಿಗೆ, "ಮನೆ ತಲುಪಿದ ಮೇಲೆ ಮೆಸೇಜ್ ಮಾಡು" ಎಂದಳು. ಬೆಳಿಗ್ಗೆ "ಮಾಡಿ" ಎನ್ನುತ್ತಿದ್ದವಳು.

ಇನ್ನು ಮೂರನೆಯ ಪ್ರಶ್ನೆ. ಬ್ಯಾಂಕಿನವಳಿಗೆ ಅವನು ಹಿಡಿಸಲಿಲ್ಲ. ಅಂದು ರಾತ್ರಿಯೇ ಫೋನ್ ಮಾಡಿ, "ಒಳ್ಳೆಯವನೇ, ಆದರೆ ಪಾಠ ಮಾಡುತ್ತಾನೆ ಕಣೇ" ಎಂದಳು. ನಾನು ಜಗಳವಾಡಲಿಲ್ಲ, ಏಕೆಂದರೆ ಆ ಮಾತು ನಿಜ. ಅವನ ಪರವಾಗಿ ವಕಾಲತ್ತು ವಹಿಸಲೂ ಇಲ್ಲ, ಅವನಿಗೆ ಹೋಗಿ ವರದಿ ಒಪ್ಪಿಸಲೂ ಇಲ್ಲ. ಮುಂದಿನ ಭೇಟಿಗೆ ಎಂದಿನಂತೆ ಕರೆದೆ, ಅಷ್ಟೇ. ಮೂರು ವಾರದ ಮೇಲೆ ಬಂದಳು. ಡಬ್ಬಿ ವಾಪಸು ತಂದಿದ್ದಳು. ಖಾಲಿ ಡಬ್ಬಿ ಕೊಡಬಾರದಲ್ಲ, ತುಂಬಾ ಕೋಡುಬಳೆ ಇತ್ತು. ಅವನು ಮುಚ್ಚಳ ತೆಗೆಯಲು ಹೋದಾಗ ಕೈಗೆ ಒಂದು ಏಟು ಕೊಟ್ಟು, "ನಿನಗಲ್ಲ, ನಿಮ್ಮ ಅಮ್ಮನಿಗೆ" ಎಂದಳು.