ವ್ಯಾಗನ್ ಕೊಳ್ಳುವ ಮುಂಚೆ ಡಿಕ್ಕಿಯ ಹಾಸು ಎತ್ತಿ ನೋಡಿ

ಪ್ರಶ್ನೆ: ನಾವು ಮನೆಯಲ್ಲಿ ನಾಲ್ವರು, ಜೊತೆಗೊಂದು ದೊಡ್ಡ ನಾಯಿ. ಕೆಲಸದ ಜಾಗ ಎಂಟು ಕಿಲೋಮೀಟರ್ ದೂರ. ಈಗಿರುವ ಹ್ಯಾಚ್‌ಬ್ಯಾಕ್ ಸಾಲುತ್ತಿಲ್ಲ, ಎಸ್‌ಯುವಿ ನಮಗೆ ಬೇಡ. ಹಿಂಭಾಗ ಉದ್ದವಾಗಿ ಡಿಕ್ಕಿ ದೊಡ್ಡದಿರುವ ಚಿಕ್ಕ ಸ್ಟೇಷನ್ ವ್ಯಾಗನ್ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವ ಯೋಚನೆಯಿದೆ. ಹತ್ತು ವರ್ಷದ ಒಂದು ಡೀಸೆಲ್ ಗಾಡಿ ನೋಡಿದ್ದೇವೆ. ಓಡಿರುವುದು ಕಡಿಮೆ, ಥಳಥಳ ಹೊಳೆಯುತ್ತಿದೆ. ತೆಗೆದುಕೊಳ್ಳಬಹುದೇ?

ಉತ್ತರ: ವ್ಯಾಗನ್ ಬೇಕೆಂದಿರಲ್ಲ, ಬಹಳ ಸಂತೋಷವಾಯಿತು. ಮೂರನೇ ಪೀಳಿಗೆಯ ಸ್ಕೋಡಾ ಫ್ಯಾಬಿಯಾವನ್ನೇ ನೋಡಿ. ಹ್ಯಾಚ್‌ಬ್ಯಾಕ್‌ನ ಡಿಕ್ಕಿ 330 ಲೀಟರ್, ಅದರದೇ ವ್ಯಾಗನ್ ರೂಪವಾದ ಕಾಂಬಿಯದು 530. ಇಷ್ಟಕ್ಕೆ ಹೆಚ್ಚಾದ ಉದ್ದ ಸುಮಾರು 26 ಸೆಂಟಿಮೀಟರ್ ಮಾತ್ರ. ಎರಡನೇ ಪೀಳಿಗೆಯ ಡೇಸಿಯಾ ಲೋಗನ್ ಎಂಸಿವಿ ಎಂಬ ವ್ಯಾಗನ್‌ನಲ್ಲಿ 573 ಲೀಟರ್ ಜಾಗ ಇದೆ. 2021ರ ಹೊಸ ಫ್ಯಾಬಿಯಾಗೆ ಕಾಂಬಿ ರೂಪ ಬರಲೇ ಇಲ್ಲ, ಹಾಗಾಗಿ ಇಂಥವು ಈಗ ಸಿಗುವುದು ಹಳೇ ಗಾಡಿಗಳಲ್ಲೇ.

ಆದರೆ ನೀವು ನೋಡಿರುವ ಡೀಸೆಲ್ ಬೇಡ. ಗಾಡಿ ಕೆಟ್ಟದ್ದೆಂದಲ್ಲ, ನಿಮ್ಮ ಎಂಟು ಕಿಲೋಮೀಟರ್ ಅದಕ್ಕೆ ಸಾಲದು. ಈಚಿನ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಸೇರಿದ ಮಸಿ ಸುಟ್ಟುಹೋಗಬೇಕಾದರೆ ಫಿಲ್ಟರ್ ಸುಮಾರು 600 ಡಿಗ್ರಿವರೆಗೆ ಕಾಯಬೇಕು, ಗಾಡಿ ನಿಲ್ಲದೆ ಸ್ವಲ್ಪ ಹೊತ್ತು ಓಡಬೇಕು. ನಿಮ್ಮ ಇಂಜಿನ್ ಸರಿಯಾಗಿ ಬಿಸಿಯಾಗುವಷ್ಟರಲ್ಲಿ ಕೆಲಸದ ಜಾಗ ಬಂದಿರುತ್ತದೆ. ದಿನಾ ಹೀಗೇ ಆದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಅದನ್ನು ಬದಲಿಸುವ ಖರ್ಚು ಸಣ್ಣದಲ್ಲ. ಪೆಟ್ರೋಲ್ ಗಾಡಿಯನ್ನೇ ಹುಡುಕಿ.

ಗಾಡಿ ನೋಡಲು ಹೋದಾಗ ಎಲ್ಲರೂ ಮೊದಲು ಬಾನೆಟ್ ಎತ್ತುತ್ತಾರೆ. ನೀವು ಹಿಂದಿನಿಂದ ಶುರು ಮಾಡಿ. ನಾನು ಕೊಂಡ ಮೊದಲ ವ್ಯಾಗನ್ ಕೂಡ ಹೀಗೇ ಹೊಳೆಯುತ್ತಿತ್ತು. ಮೂರು ವಾರ ಕಳೆದ ಮೇಲೆ ಒಳಗೆಲ್ಲ ಮುಗ್ಗಲು ವಾಸನೆ. ಡಿಕ್ಕಿಯ ಹಾಸು ಎತ್ತಿದರೆ ಸ್ಟೆಪ್ನಿ ಇಡುವ ಗುಣಿಯಲ್ಲಿ ನಾಲ್ಕು ಬೆರಳು ನೀರು, ಅಡಿಗೆ ತುಕ್ಕು. ಹಿಂದಿನ ಲೈಟಿನ ರಬ್ಬರ್ ಹೋಗಿತ್ತು. ಹಿಂದಿನ ಗಾಜು ತೊಳೆಯುವ ನೀರಿನ ಪೈಪ್ ಬಿರಿದರೂ ಇದೇ ಗತಿ. ಅಂದಿನಿಂದ ಯಾರ ಗಾಡಿ ನೋಡಲು ಹೋದರೂ ಹಾಸಿನಡಿ ಕೈಯಾಡಿಸದೆ ಮಾತಿಗಿಳಿಯುವುದಿಲ್ಲ.

ಅಲ್ಲೇ ಇನ್ನೊಂದಿಷ್ಟು ನೋಡಿ. ಡಿಕ್ಕಿಯ ಅಂಚು ಉಜ್ಜಿ ಬಣ್ಣ ಹೋಗಿದೆಯೇ? ಖಾಲಿ ಗಾಡಿಯ ಹಿಂಭಾಗ ಕುಸಿದಂತಿದೆಯೇ? ಹಾಗಿದ್ದರೆ ಅದು ಬಹಳ ಭಾರ ಹೊತ್ತ ಗಾಡಿ, ಸ್ಪ್ರಿಂಗುಗಳನ್ನು ಮೆಕ್ಯಾನಿಕ್‌ಗೆ ತೋರಿಸಿ. ಹಿಂಬಾಗಿಲು ಎತ್ತಿ ಬಿಟ್ಟರೆ ಮೇಲೆಯೇ ನಿಲ್ಲಬೇಕು. ನಾಯಿಯನ್ನೂ ಕರೆದುಕೊಂಡು ಹೋಗಿ. ಅಂಚು ಎಷ್ಟು ಎತ್ತರವಿದೆ, ಅದಕ್ಕೆ ಹತ್ತಲಾಗುತ್ತದೆಯೇ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಓಡಿರುವುದು ಕಡಿಮೆ ಎಂದಿದ್ದೀರಿ. ಟೈಮಿಂಗ್ ಬೆಲ್ಟ್, ಅಂದರೆ ವಾಲ್ವ್‌ಗಳನ್ನು ಪಿಸ್ಟನ್‌ಗಳ ತಾಳಕ್ಕೆ ಆಡಿಸುವ ರಬ್ಬರ್ ಪಟ್ಟಿ, ಬದಲಿಸಲು ಕಿಲೋಮೀಟರ್ ಲೆಕ್ಕದ ಜೊತೆ ವರ್ಷದ ಲೆಕ್ಕವೂ ಇರುತ್ತದೆ, ಯಾವುದು ಮೊದಲು ಬಂದರೆ ಅದು. ಸುಮ್ಮನೆ ನಿಂತ ಗಾಡಿಯಲ್ಲೂ ರಬ್ಬರ್ ಹಳತಾಗುತ್ತದೆ. ಓಡುವಾಗ ಬೆಲ್ಟ್ ತುಂಡಾದರೆ ಬಹುತೇಕ ಇಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಗ್ಗುತ್ತವೆ. ಬದಲಿಸಿದ್ದೇವೆ ಎಂದರೆ ರಸೀದಿ ಕೇಳಿ. ಟೈರಿನ ವಯಸ್ಸನ್ನೂ ನೋಡಿ. ಅದರ ಪಕ್ಕದಲ್ಲಿ DOT ಎಂದು ಶುರುವಾಗುವ ಗುರುತಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದ ಟೈರು.

ಬರುತ್ತೇವೆಂದು ಹೇಳುವಾಗಲೇ ಇಂಜಿನ್ ಚಾಲೂ ಮಾಡಿಡಬೇಡಿ ಎಂದು ಕೇಳಿಕೊಳ್ಳಿ. ಹೋದೊಡನೆ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ತಣ್ಣಗಿನ ಇಂಜಿನ್‌ನ ಸದ್ದು, ಹೊಗೆ ನಿಮಗೆ ಸಿಗುವುದಿಲ್ಲ, ಇನ್ನೊಂದು ದಿನ ಬೆಳಗ್ಗೆ ಹೋಗಿ. ಓಡಿಸುವಾಗ ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ. ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಆ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ.