ಕುಡಿತ ಬಿಟ್ಟಾಯ್ತು, ಇನ್ನು ಯಾರ ಜೊತೆ ಕೂರ್ಲಿ?

ಪ್ರಶ್ನೆ: ನಂಗೆ 39 ವರ್ಷ, ತಿಪಟೂರು ಕಡೆಯವನು, ಕೊಬ್ಬರಿ ವ್ಯಾಪಾರ. ಹತ್ತು ಹನ್ನೆರಡು ವರ್ಷ ಕುಡಿದೆ, ಆಸ್ಪತ್ರೆ ಸೇರಿ ಬಿಟ್ಟು ಎರಡು ತಿಂಗಳಾಯ್ತು. ಡಿಸ್ಚಾರ್ಜ್ ಮಾಡುವಾಗ ಸಪೋರ್ಟ್ ಗ್ರೂಪ್ ಸೇರ್ಕೊಳ್ಳಿ ಅಂದ್ರು, ಎಲ್ಲಿ ಅಂತ ಹೇಳ್ಲಿಲ್ಲ. ಮಂಡಿಯಲ್ಲಿ ಕೊಬ್ಬರಿ ಹರಾಜು, ಅದೇ ಟೆಂಡರ್, ಮುಗಿದ ಸಂಜೆ ಸ್ನೇಹಿತರು ಕರೀತಾರೆ, ತಡ್ಕೊಳ್ಳೋದು ಕಷ್ಟ ಆಗ್ತಿದೆ. ಮೀಟಿಂಗಿಗೆ ಹೋದ್ರೆ ಊರಿಗೆಲ್ಲ ಗೊತ್ತಾಗಿ ಮಾನ ಹೋಗುತ್ತೇನೋ ಅಂತ ಭಯ. ಬಿಟ್ಟಾಯ್ತಲ್ಲ ಇನ್ಯಾಕೆ ಅದೆಲ್ಲ ಅಂತಾಳೆ ಹೆಂಡತಿ. ಏನ್ಮಾಡ್ಲಿ?

ಉತ್ತರ: ಎರಡು ತಿಂಗಳು ಅಂದ್ರೆ ಸಣ್ಣ ಮಾತಲ್ಲ, ಅದೂ ಮಂಡಿ ವ್ಯಾಪಾರದಲ್ಲಿದ್ದುಕೊಂಡು. ಮೊದಲು ನಿಮ್ಮ ಮನೆಯವರಿಗೆ ಇದನ್ನ ಓದಿಸಿ. ಆಸ್ಪತ್ರೆ ಮೈಯಿಂದ ಮದ್ಯ ಇಳಿಸುತ್ತೆ, ನಡುಕ ನಿದ್ದೆಗೇಡು ಸರಿ ಮಾಡುತ್ತೆ, ಆದ್ರೆ ಸಂಜೆ ಏಳು ಗಂಟೆಗೆ ಫೋನ್ ರಿಂಗಾದಾಗ ಪಕ್ಕದಲ್ಲಿ ಡಾಕ್ಟರ್ ಇರಲ್ಲ, ಹೆಂಡತಿ ಬೇಡ ಅಂದ್ರೆ ಕಾಟ ಅನ್ಸುತ್ತೆ, ಅದೇ ಮಾತನ್ನ ನಿಮ್ಮ ಹಾಗೇ ಕುಡಿದು ಬಿಟ್ಟವನೊಬ್ಬ ಹೇಳಿದ್ರೆ ಕಿವಿಗೆ ಹೋಗುತ್ತೆ. ಗ್ರೂಪ್ ಬೇಕಾಗಿರೋದು ಇದಕ್ಕೇ. ಅದು ಬಿಟ್ಟ ಮೇಲೇ ಜಾಸ್ತಿ ಬೇಕು.

ಹುಡುಕೋದು ಹೇಗೆ ಅಂದ್ರೆ, ಎಎ ಅಂತಾರಲ್ಲ, ಆಲ್ಕೊಹಾಲಿಕ್ಸ್ ಅನಾನಿಮಸ್, 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರು ಮಾಡಿದ್ದು, ಅವರ ವೆಬ್‌ಸೈಟಲ್ಲಿ ನಮ್ಮ ಕಡೆಯ ಮೀಟಿಂಗ್‌ಗಳ ವಿವರ, ಹೆಲ್ಪ್‌ಲೈನ್ ನಂಬರ್ ಸಿಗುತ್ತೆ. ಹೋಗೋಕೆ ಮುಂಚೆ ಫೋನ್ ಮಾಡಿ, ಯಾಕಂದ್ರೆ ಜಾಗ ಟೈಮು ಬದಲಾಗ್ತಿರುತ್ತೆ, ಬಾಗಿಲು ಹಾಕಿರೋದು ನೋಡಿ ವಾಪಸ್ ಬಂದವರು ಎಷ್ಟೋ ಸಲ ಮತ್ತೆ ಆ ಕಡೆ ತಲೆ ಹಾಕಲ್ಲ. ಫೋನ್ ಎತ್ತೋರು ಸಾಮಾನ್ಯವಾಗಿ ತಾವೇ ಕುಡಿತ ಬಿಟ್ಟವರು, ಹೊಸಬ ಬರ್ತೀನಿ ಅಂದ್ರೆ ಯಾರಾದ್ರೂ ಬಸ್‌ಸ್ಟ್ಯಾಂಡಿಗೇ ಬಂದು ಕರ್ಕೊಂಡು ಹೋಗೋದೂ ಉಂಟು, ಕೇಳೋಕೆ ಸಂಕೋಚ ಬೇಡ. ಸರ್ಕಾರದ್ದು 14446 ಇದೆ, ವ್ಯಸನಕ್ಕೆ ಅಂತಲೇ ಇರೋ ಸಹಾಯವಾಣಿ. ರಾತ್ರಿ ಹೊತ್ತು ತೀರಾ ತಳಮಳ ಆದ್ರೆ 14416, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡ್ತಾರೆ.

ಒಂದು ವಿಷ್ಯ ಮುಂಚೇನೇ ಹೇಳಿಬಿಡ್ತೀನಿ. ಎಷ್ಟೋ ಕಡೆ ಮೀಟಿಂಗ್ ನಡೆಯೋದು ಚರ್ಚ್ ಆವರಣದ ರೂಮಲ್ಲೋ ಶಾಲೆಯಲ್ಲೋ, ಜಾಗ ಸುಲಭಕ್ಕೆ ಸಿಗುತ್ತೆ ಅಂತ ಅಷ್ಟೇ. ಅದನ್ನ ನೋಡಿ ಇದೇನೋ ಮತಾಂತರ ಅಂತ ಹೆದರಿ ಗೇಟಿಂದಲೇ ತಿರುಗಬೇಡಿ. ದೇವರ ಮಾತು ಬರುತ್ತೆ ನಿಜ, ನಿಮ್ಮ ದೇವರು ಯಾರು ಅಂತ ಯಾರೂ ಕೇಳಲ್ಲ, ನಂಬಿಕೆ ಇಲ್ಲದವರೂ ಬಂದು ಕೂರ್ತಾರೆ. ಒಳಗೆ ನಾಲ್ಕಾರು ಪ್ಲಾಸ್ಟಿಕ್ ಕುರ್ಚಿ, ಒಂದು ಟೇಬಲ್ಲು, ಟೀ. ಒಬ್ಬರು ಎದ್ದು ಹೆಸರು ಹೇಳಿ ನಾನೊಬ್ಬ ಆಲ್ಕೊಹಾಲಿಕ್ ಅಂತಾರೆ, ತಮ್ಮ ಕಥೆ ಹೇಳ್ತಾರೆ, ಮಧ್ಯೆ ಯಾರೂ ಬಾಯಿ ಹಾಕಲ್ಲ, ಬುದ್ಧಿ ಹೇಳಲ್ಲ. ಮೊದಲ ದಿನ ನೀವು ಸುಮ್ನೆ ಕೂತು ಕೇಳಿ ಬಂದ್ರೂ ಸಾಕು. ಫೀಸಿಲ್ಲ. ಕೊನೇಲಿ ಖರ್ಚಿಗೆ ಅಂತ ಒಂದು ಡಬ್ಬಿಯೋ ಚೀಲವೋ ಸುತ್ತು ಬರುತ್ತೆ, ಹಾಕಲೇಬೇಕು ಅಂತೇನಿಲ್ಲ. ಕುಡಿತ ಬಿಡಬೇಕು ಅನ್ನೋ ಆಸೆ ಇದ್ರೆ ಮೆಂಬರ್, ಅಷ್ಟೇ ಅದರ ಶರತ್ತು.

ಮಾನದ ವಿಚಾರ. ಬೇಜಾರು ಮಾಡ್ಕೋಬೇಡಿ, ಹತ್ತು ವರ್ಷ ಬಾರಿಂದ ಹೊರಗೆ ಬಂದಿದ್ದನ್ನ ಊರು ನೋಡಿಲ್ವಾ? ಆದ್ರೂ ಭಯ ಭಯವೇ, ಅದನ್ನ ತಳ್ಳಿಹಾಕಲ್ಲ. ನೀವಿರೋದು ರೈಲ್ವೆ ಲೈನಲ್ಲಿ, ತುಮಕೂರೋ ಬೆಂಗಳೂರೋ ಹೋಗಿ ಮೊದಲ ಕೆಲವು ಮೀಟಿಂಗ್ ಅಲ್ಲೇ ಕೂತು ಬನ್ನಿ, ಗುರುತಿನವರು ಇರಲ್ಲ. ಬೆಂಗಳೂರಲ್ಲಿ ಕನ್ನಡದಲ್ಲೇ ನಡೆಯೋ ಗ್ರೂಪ್‌ಗಳಿವೆ. ಹೋಗೋಕಾಗದ ವಾರ ಫೋನಲ್ಲೇ ಆನ್‌ಲೈನ್ ಮೀಟಿಂಗ್. ಒಂದು ಗ್ರೂಪ್ ಹಿಡಿಸ್ಲಿಲ್ಲ ಅಂದ್ರೆ ಇನ್ನೊಂದಕ್ಕೆ ಹೋಗಿ, ಒಂದೇ ಸಲಕ್ಕೆ ಇದು ನಂಗಲ್ಲ ಅಂತ ತೀರ್ಮಾನ ಮಾಡಬೇಡಿ.

ಎಎ ಒಗ್ಗಲ್ಲ ಅನ್ಸಿದ್ರೆ ಧರ್ಮಸ್ಥಳದವರ ಗ್ರಾಮಾಭಿವೃದ್ಧಿ ಯೋಜನೆ ಆಫೀಸಲ್ಲಿ ವಿಚಾರಿಸಿ. ಅವರು ಜನಜಾಗೃತಿ ವೇದಿಕೆ ಜೊತೆ ಮದ್ಯವರ್ಜನ ಶಿಬಿರ ನಡೆಸ್ತಾರೆ, ಶಿಬಿರದಲ್ಲಿ ಬಿಟ್ಟವರದ್ದೇ ನವಜೀವನ ಸಮಿತಿ ಅಂತ ಇರುತ್ತೆ, ಹಳ್ಳಿ ಕಡೆಯವರಿಗೆ ಅದು ಹತ್ತಿರ ಅನ್ಸಬಹುದು.

ಗ್ರೂಪ್ ಸಿಕ್ತು ಅಂತ ಮಾತ್ರೆ ಬಿಡಬೇಡಿ, ಡಾಕ್ಟರ್ ಫಾಲೋಅಪ್ ತಪ್ಪಿಸಬೇಡಿ. ಅಕಸ್ಮಾತ್ ಮತ್ತೆ ಕುಡಿದು ನಾಲ್ಕೈದು ದಿನ ಮುಂದುವರಿದ್ರೆ ಮನೇಲಿ ಕೂತು ಒಮ್ಮೆಗೇ ನಿಲ್ಲಿಸೋ ಸಾಹಸ ಬೇಡ, ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ, ಸೀದಾ ಆಸ್ಪತ್ರೆಗೆ ಹೋಗಿ. ಮನೆಯವರಿಗೂ ಹೇಳ್ತೀನಿ, ಯಾರೋ ಕೊಟ್ಟ ಕುಡಿತ ಬಿಡಿಸೋ ಪುಡಿನ ಗೊತ್ತಿಲ್ದಂಗೆ ಕಾಫಿಗೆ ಬೆರೆಸೋದು ಮಾತ್ರ ಮಾಡಲೇಬೇಡಿ ಅಮ್ಮ. ಅದರಲ್ಲಿ ಡೈಸಲ್ಫಿರಾಮ್ ಥರದ ಔಷಧಿ ಇದ್ದು ಅವರು ಮೇಲೆ ಕುಡಿದುಬಿಟ್ರೆ ಬಿಪಿ ಕುಸಿದು ಪ್ರಾಣಕ್ಕೆ ಬರುತ್ತೆ. ನಿಮಗೂ ಅಲ್-ಅನಾನ್ ಅಂತ ಇದೆ, ಕುಡಿಯೋರ ಮನೆಯವರದ್ದೇ ಗ್ರೂಪು. ಇಷ್ಟು ವರ್ಷ ನೀವು ಒಬ್ಬರೇ ಅನುಭವಿಸಿದ್ದೂ ಕಡಿಮೆ ಏನಲ್ಲ, ಹೇಳ್ಕೊಳ್ಳೋಕೆ ಒಂದು ಜಾಗ ನಿಮಗೂ ಬೇಕು.

ಮುಂದಿನ ಟೆಂಡರ್ ದಿನಕ್ಕೆ ಕಾಯಬೇಡಿ. ಅದಕ್ಕೆ ಮುಂಚೆ ಒಂದು ಮೀಟಿಂಗಲ್ಲಿ ಕೂತು, ಅಲ್ಲಿ ಒಬ್ಬರ ನಂಬರ್ ಇಸ್ಕೊಂಡು ಬನ್ನಿ. ಆ ಸಂಜೆ ಸ್ನೇಹಿತರ ಫೋನ್ ಬರೋಕೆ ಮೊದಲೇ ನೀವು ಅವರಿಗೆ ಫೋನ್ ಮಾಡಿ.